ಕಾರಿನ ಹಿಂದಿನ ಸಸ್ಪೆನ್ಷನ್: ಬಿಚ್ಚುವಿಕೆ, ತಪಾಸಣೆ, ಮರುಜೋಡಣೆ

ಕಾರಿನ ಹಿಂದಿನ ಚಕ್ರಗಳಿಗೂ ಅದರ ಒಡಲಿಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ತೋಳು, ರಾಡು, ರಬ್ಬರ್ ಬುಶ್‌ಗಳ ಒಟ್ಟು ಏರ್ಪಾಡೇ ಹಿಂದಿನ ಸಸ್ಪೆನ್ಷನ್. ಹೊರೆ ಹೊರುವುದು ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಚಕ್ರ ಹಿಂದೆ ಮುಂದೆ, ಅತ್ತ ಇತ್ತ ಸರಿಯದಂತೆ ಹಿಡಿಯುವುದು ತೋಳು, ರಾಡುಗಳ ಕೆಲಸ. ಇವು ಒಂದಕ್ಕೊಂದು ಸೇರುವ ಕೀಲುಗಳಲ್ಲೆಲ್ಲ ರಬ್ಬರ್ ಕುಳಿತಿರುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಈ ಏರ್ಪಾಡು ಕೆಡಲು ಶುರುವಾಗುವುದೇ ಈ ರಬ್ಬರಿನಿಂದ ಮತ್ತು ತುಕ್ಕಿನಿಂದ. ಹಾಗಾಗಿ ಇಲ್ಲಿ ಬಿಚ್ಚಿ ಜೋಡಿಸುವ ಕೈಚಳಕಕ್ಕಿಂತ, ಬಿಚ್ಚಿದ ಮೇಲೆ ನೋಡುವ ಕಣ್ಣಿಗೆ ಹೆಚ್ಚು ಬೆಲೆ.

ರಸ್ತೆ, ಮಳೆ, ಹೊರೆ

ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆ ದಿನಗಳಲ್ಲಿ ಕಾರಿನ ಅಡಿಭಾಗ ಒಣಗುವುದೇ ಇಲ್ಲ. ಕೆಂಪು ಮುರಕಲ್ಲಿನ (ಜಂಬಿಟ್ಟಿಗೆಯ) ಕೆಸರು ಸ್ಪ್ರಿಂಗಿನ ತಳದ ಬಟ್ಟಲಲ್ಲಿ, ಆಕ್ಸಲ್ಲಿನ ಬೆಸುಗೆಯ ಸಂದುಗಳಲ್ಲಿ, ಬುಶ್ಶಿನ ಅಂಚಿನಲ್ಲಿ ಮೆತ್ತಿಕೊಂಡು ತೇವವನ್ನು ಹಿಡಿದಿಡುತ್ತದೆ. ಆಯುಧಪೂಜೆಗೆ ಮೇಲೆಲ್ಲ ತೊಳೆದು ಹೊಳೆಯುವ ಕಾರಿನ ಅಡಿಯಲ್ಲೂ ಮಳೆಗಾಲದ ಆಟಿ ತಿಂಗಳ ಕೆಸರು ಹಾಗೆಯೇ ಉಳಿದಿರುವುದುಂಟು.

ಮಂಗಳೂರು–ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಬಿ.ಸಿ.ರೋಡ್, ಮೆಲ್ಕಾರ್, ಕಲ್ಲಡ್ಕ, ಮಾಣಿ ದಾಟಿ ಶಿರಾಡಿ ಘಾಟಿಯತ್ತ ಹೋಗುತ್ತದೆ. ಬಿ.ಸಿ.ರೋಡಿನಲ್ಲಿ ಕವಲೊಡೆಯುವ ಹೆದ್ದಾರಿ 73 ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಮುಂಡಾಜೆಯ ಮೂಲಕ ಚಾರ್ಮಾಡಿ ಘಾಟಿಗೆ ಹತ್ತುತ್ತದೆ. ಮೂಡುಬಿದಿರೆಯನ್ನು ಮಂಗಳೂರಿಗೂ ಕಾರ್ಕಳಕ್ಕೂ ಸೇರಿಸುವುದು ಹೆದ್ದಾರಿ 169. ಮೂರರಲ್ಲೂ ಅಗಲೀಕರಣದ ಕೆಲಸ ಮಳೆಗಾಲಗಳನ್ನು ದಾಟಿ ಸಾಗಿತು. ಅಗೆದ ಬದಿ, ಏರುತಗ್ಗಿನ ತಿರುವುದಾರಿ, ನೀರಿನಡಿ ಅಡಗಿದ ಹೊಂಡ, ಇವು ಒಂದೊಂದು ಚಕ್ರಕ್ಕೂ ಬೇರೆಬೇರೆ ಪೆಟ್ಟು ಕೊಡುತ್ತವೆ. ಒಳರಸ್ತೆಗಳ ಸಂಕಟ ಬೇರೆ ಬಗೆಯದು. ಸಿದ್ದಕಟ್ಟೆ, ವಾಮದಪದವು, ವೇಣೂರು, ನಾರಾವಿ, ಶಿಶಿಲ ಕಡೆಯ ಕಿರಿದಾದ ದಾರಿಗಳಲ್ಲಿ ಎದುರಿಂದ ಬಸ್ಸು ಬಂದರೆ ಎಡಗಡೆಯ ಎರಡು ಚಕ್ರಗಳನ್ನು ಮಣ್ಣಿಗೆ ಇಳಿಸಲೇಬೇಕು. ಕಾಂಕ್ರೀಟಿನ ಅಂಚಿನಿಂದ ಇಳಿಯುವಾಗ, ಮತ್ತೆ ಹತ್ತುವಾಗ ಹಿಂದಿನ ಆಕ್ಸಲ್ಲಿಗೆ ಬೀಳುವ ತಿರುಚು ನೇರ ಹೊಂಡಕ್ಕಿಂತ ಕೆಟ್ಟದ್ದು, ಏಕೆಂದರೆ ಆಗ ಎಡಬಲದ ಬುಶ್ಶುಗಳು ಎದುರುಬದುರು ದಿಕ್ಕಿಗೆ ಹಿಂಡಿಕೊಳ್ಳುತ್ತವೆ.

ಇದರ ಮೇಲೆ ಹೊರೆ. ಅಡಿಕೆ ಮೂಟೆ, ಹಿಂಡಿ, ಗೊಬ್ಬರ, ಮದುವೆ ಮನೆಯ ಪಾತ್ರೆ ಎಲ್ಲವೂ ಕಾರಿನ ಡಿಕ್ಕಿಯಲ್ಲೇ ಸಾಗುವ ಊರುಗಳಿವು. ಡಿಕ್ಕಿಯ ಭಾರ ಹಿಂದಿನ ಆಕ್ಸಲ್ಲಿಗಿಂತ ಆಚೆಗೆ ಕೂರುವುದರಿಂದ ಅದರ ಪೂರ್ತಿ ತೂಕವನ್ನೂ, ಸನ್ನೆಯ ಲೆಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚನ್ನೂ ಹಿಂದಿನ ಸ್ಪ್ರಿಂಗುಗಳೇ ಹೊರುತ್ತವೆ.

ಊರಿನ ವಾಹನಗಳು, ಅವುಗಳ ಬೆನ್ನೆಲುಬು

ಈ ಕರಾವಳಿಗೂ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಪ್ಲೇಟ್ ಸ್ಪ್ರಿಂಗಿಗೂ ಇರುವ ನಂಟು ಹಳೆಯದು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲಿ ಆರಂಭವಾದ ಬಸ್ ಕಂಪನಿ; ಆಗಿನ ಬಸ್ಸುಗಳು ನಿಂತದ್ದೂ ಈ ಪ್ಲೇಟುಗಳ ಮೇಲೆಯೇ. ಉದ್ಯಮಿ ವಿ.ಎಸ್. ಕುಡ್ವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಪ್ಲೇಟ್ ಸ್ಪ್ರಿಂಗುಗಳನ್ನು ತಯಾರಿಸಿ ಹೆಸರು ಮಾಡಿತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಹೋದವರು ಒಮ್ಮೆ ಬಗ್ಗಿ ಹಿಂಭಾಗದ ಅಡಿಯನ್ನೂ ನೋಡಬೇಕು. ಆ ತಲೆಮಾರಿನ ಕಾರುಗಳು ನಿಂತಿದ್ದುದೇ ಪ್ಲೇಟುಗಳ ಮೇಲೆ.

ಆಮೇಲೆ ಬಂದ ಅಂಬಾಸಿಡರ್ ಹಿಂಬದಿಯಲ್ಲಿ, ಜೀಪು ನಾಲ್ಕೂ ಕಡೆ ಪ್ಲೇಟಿನವೇ. ದಿಡುಪೆಯಿಂದ ಎಳನೀರು ಎಂಬ ಊರಿನತ್ತ ಹತ್ತುವಂಥ ಘಟ್ಟದ ತಪ್ಪಲಿನ ದಾರಿಗಳಲ್ಲಿ ಜೀಪು ಇಂದಿಗೂ ಬೇಕಾಗುವುದಕ್ಕೆ ಅದರ ನಾಲ್ಕು ಚಕ್ರದ ಎಳೆತದಷ್ಟೇ ಈ ಪ್ಲೇಟುಗಳೂ ಕಾರಣ. ಒಂದು ಪ್ಲೇಟು ತುಂಡಾದರೂ ಉಳಿದವು ಭಾರ ಹೊತ್ತು ಪೇಟೆಯವರೆಗೆ ತಂದು ಮುಟ್ಟಿಸುತ್ತವೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಓಮ್ನಿಯ ಹಿಂಭಾಗವೂ ಪ್ಲೇಟಿನದೇ. ಬೊಲೆರೊ ಕೂಡ ಹಾಗೆಯೇ.

1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800ಕ್ಕೆ ಹಿಂದೆ ಪ್ಲೇಟುಗಳಿದ್ದವು. 1986ರ ಹೊಸ ರೂಪದಲ್ಲಿ ಸುರುಳಿ ಸ್ಪ್ರಿಂಗು ಬಂತು. ಇಡೀ ಆಕ್ಸಲ್ಲನ್ನು ಎರಡು ಉದ್ದ ತೋಳುಗಳು ಮುಂದಿನಿಂದಲೂ ಒಂದು ಅಡ್ಡ ರಾಡು ಪಕ್ಕದಿಂದಲೂ ಹಿಡಿಯುವ ಈ ಮಾದರಿಯೇ ಆಲ್ಟೊಗೂ ಬಂತು. ಸ್ವಿಫ್ಟ್, ವ್ಯಾಗನ್ ಆರ್ ಮುಂತಾದ ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇರುವುದು ಟಾರ್ಶನ್ ಬೀಮ್: ಎರಡು ತೋಳುಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ಒಂದೇ ಉಕ್ಕಿನ ತೊಲೆ. ಇದರ ಕೀಲುಗಳು ಎರಡೇ. 1998ರ ಟಾಟಾ ಇಂಡಿಕಾ ಆ ದರ್ಜೆಯಲ್ಲಿ ಬೇರೆಯಾಗಿ ನಿಂತಿತು. ಅದರ ಹಿಂದಿನ ಚಕ್ರಗಳು ಒಂದಕ್ಕೊಂದು ಸ್ವತಂತ್ರ, ಸ್ಪ್ರಿಂಗು ಶಾಕಿನ ಮೇಲೆಯೇ ಕೂರುತ್ತದೆ. ಬಿಚ್ಚುವ ವಿಧಾನ ಬದಲಾಗುವುದು ಈ ಭೇದಗಳಿಂದಲೇ.

ಬಿಚ್ಚುವ ಮುನ್ನ, ಬಿಚ್ಚುವಾಗ

ಸ್ಪ್ಯಾನರ್ ಹಿಡಿಯುವ ಮೊದಲು ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಎಡಬಲ ಎರಡೂ ಹಿಂದಿನ ಚಕ್ರಗಳ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಎಡಬಲಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಅಲ್ಲೇ ಅರ್ಧ ರೋಗ ತಿಳಿದಂತೆ. ಟೈರನ್ನೂ ಆಗಲೇ ಕೈಯಾಡಿಸಿ ನೋಡಬೇಕು. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ ಶಾಕ್ ಸತ್ತು ಚಕ್ರ ರಸ್ತೆಯ ಮೇಲೆ ಪುಟಿದಿದೆ ಎಂದು ಅರ್ಥ. ಒಳಅಂಚು ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರುವ ಅನುಮಾನ ಬರಬೇಕು.

ಮುಂದಿನ ಚಕ್ರಗಳಿಗೆ ಉರುಳದಂತೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಹಿಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಕೊಡುವುದು ಕ್ರಮ. ಎತ್ತಿದ ಒಡಲನ್ನು ಜಾಕಿನ ಮೇಲೆ ಬಿಡಬಾರದು. ಒಡಲಿನ ಗಟ್ಟಿ ಜಾಗಕ್ಕೆ ಎರಡು ಸ್ಟ್ಯಾಂಡ್ ಕೊಟ್ಟು ಕೂರಿಸಿ, ಅದೇ ಜಾಕನ್ನು ಆಕ್ಸಲ್ಲಿನ ಅಡಿಗೆ ತರಬೇಕು. ಮನೆಯಂಗಳದಲ್ಲಿ ಮುರಕಲ್ಲನ್ನು ಒಂದರ ಮೇಲೊಂದು ಪೇರಿಸಿ ಕಾರು ನಿಲ್ಲಿಸುವವರಿದ್ದಾರೆ. ಮುರಕಲ್ಲು ಒತ್ತಡಕ್ಕೆ ಯಾವ ಮುನ್ಸೂಚನೆಯನ್ನೂ ಕೊಡದೆ ಸೀಳುತ್ತದೆ. ಅದರಡಿ ಮಲಗಬಾರದು. ಒದ್ದೆ ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಕೂಡ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು.

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಎಳೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿಡುವುದು ಒಳ್ಳೆಯದು. ಈ ಊರುಗಳಲ್ಲಿ ಬುಶ್ಶಿನ ಒಳಗಿನ ಉಕ್ಕಿನ ಕೊಳವೆಗೂ ಬೋಲ್ಟಿಗೂ ತುಕ್ಕಿನ ಬೆಸುಗೆ ಬಿದ್ದಿರುವುದು ಸಾಮಾನ್ಯ. ನಟ್ಟು ತಿರುಗುತ್ತದೆ, ಬೋಲ್ಟು ಹೊರಬರುವುದಿಲ್ಲ. ಬೆಂಕಿ ಕೊಟ್ಟರೆ ರಬ್ಬರ್ ಸುಟ್ಟುಹೋಗುತ್ತದೆ. ಆದ್ದರಿಂದ ಬುಶ್ ಬದಲಿಸುವ ನಿರ್ಧಾರವಾದ ಮೇಲೆ ಮಾತ್ರ, ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪುಗಳಿಂದ ದೂರವಿದ್ದಾಗ ಮಾತ್ರ ಬೆಂಕಿಯ ಮಾತು.

ಟಾರ್ಶನ್ ಬೀಮಿನ ಕಾರುಗಳಲ್ಲಿ ಕೆಲಸ ಸರಳ. ಹ್ಯಾಂಡ್ ಬ್ರೇಕ್ ಕೇಬಲ್ಲಿನ ಕೊಕ್ಕೆ, ಎ.ಬಿ.ಎಸ್. ತಂತಿಯ ಕ್ಲಿಪ್ಪುಗಳನ್ನು ಬಿಡಿಸಿ, ಬ್ರೇಕ್ ಹೋಸ್ ಎಳೆತಕ್ಕೆ ಸಿಕ್ಕದಷ್ಟು ಸಡಿಲವಿದೆಯೇ ನೋಡಿಕೊಳ್ಳಬೇಕು. ಜಾಕು ಆಕ್ಸಲ್ಲನ್ನು ಹೊತ್ತಿರುವಾಗಲೇ ಶಾಕಿನ ಕೆಳಗಿನ ಬೋಲ್ಟ್ ತೆಗೆಯಬೇಕು, ಏಕೆಂದರೆ ಆಕ್ಸಲ್ ಮಿತಿಮೀರಿ ಇಳಿಯದಂತೆ ತಡೆಯುತ್ತಿರುವುದು ಶಾಕೇ. ಎರಡೂ ಬದಿಯ ಶಾಕ್ ಬಿಡಿಸಿ ಜಾಕನ್ನು ನಿಧಾನಕ್ಕೆ ಇಳಿಸಿದರೆ ಸುರುಳಿ ಸಡಿಲವಾಗಿ ಕೈಗೆ ಬರುತ್ತದೆ. ಮೇಲಿನ ತುದಿ ಯಾವುದು, ಸುರುಳಿಯ ಕೊನೆ ಯಾವ ಕಡೆಗೆ ಕುಳಿತಿತ್ತು, ಬಣ್ಣದ ಗುರುತು ಯಾವುದು ಎಂಬುದನ್ನು ಸೀಮೆಸುಣ್ಣದಲ್ಲಿ ಬರೆದಿಡಬೇಕು.

ಇಂಡಿಕಾದಂತೆ ಸ್ಪ್ರಿಂಗು ಶಾಕಿನ ಮೇಲೆ ಕುಳಿತ ಕಾರುಗಳ ಎಚ್ಚರಿಕೆ ಬೇರೆಯೇ. ಜೋಡಿಯನ್ನು ಇಡಿಯಾಗಿ ಹೊರತೆಗೆದ ಮೇಲೆ, ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಎರಡೂ ಬದಿಯಿಂದ ಸಮನಾಗಿ ಒತ್ತಿ ಅದರ ಬಲ ಮೇಲಿನ ತಟ್ಟೆಯಿಂದ ಪೂರ್ತಿ ಬಿಟ್ಟ ನಂತರವೇ ತಲೆಯ ನಟ್ಟಿಗೆ ಸ್ಪ್ಯಾನರ್ ಹಾಕಬೇಕು. ಒತ್ತದೆ ಬಿಚ್ಚಿದರೆ ಬಿಗಿದ ಸ್ಪ್ರಿಂಗು ಸಿಡಿದು ಪ್ರಾಣ ತೆಗೆಯುತ್ತದೆ. ಹಗ್ಗ, ಕಬ್ಬಿಣದ ತಂತಿ ಕಟ್ಟಿ ಮಾಡುವ ಪರ್ಯಾಯಗಳಿಗೆ ಇಲ್ಲಿ ಜಾಗವಿಲ್ಲ.

ಪ್ಲೇಟಿನ ವಾಹನಗಳಲ್ಲಿ ಆಕ್ಸಲ್ಲಿಗೆ ಜಾಕ್ ಕೊಟ್ಟು, ಶಾಕ್ ಬಿಡಿಸಿ, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿದಿರುವ ಯು-ಬೋಲ್ಟುಗಳ ನಟ್ಟು ತೆಗೆದು, ಪ್ಲೇಟಿನ ಮುಂದಿನ ತುದಿಯ ಕಣ್ಣಿನ ಬೋಲ್ಟನ್ನೂ ಹಿಂದಿನ ತುದಿಯನ್ನು ಒಡಲಿಗೆ ಸೇರಿಸುವ ಕೊಂಡಿಯಾದ ಶಾಕಲ್ಲನ್ನೂ ಕಳಚುವುದು ವಾಡಿಕೆ. ಓಮ್ನಿ, ಬೊಲೆರೊಗಳಲ್ಲಿ ಡಿಫರೆನ್ಷಿಯಲ್ ಆಕ್ಸಲ್ಲಿನೊಳಗೇ ಇರುವುದರಿಂದ ಅದು ಭಾರವೂ ಹೌದು, ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿಕೊಂಡಿರುವುದೂ ಹೌದು. ಎರಡೂ ಬದಿಯನ್ನು ಒಟ್ಟಿಗೆ ಕಳಚದೆ ಒಂದೊಂದಾಗಿ ಮುಗಿಸುವುದು ಕ್ಷೇಮ. ಆಕ್ಸಲ್ಲಿನಿಂದ ಒಡಲಿಗೆ ಸಣ್ಣ ರಾಡೊಂದರಿಂದ ಸೇರಿದ ಬ್ರೇಕ್ ವಾಲ್ವ್ ಕೆಲವು ವಾಹನಗಳಲ್ಲಿ ಇರುತ್ತದೆ. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು ಅದೇ. ಅದರ ಹೊಂದಾಣಿಕೆಯ ನಟ್ಟನ್ನು ಕೈತಪ್ಪಿಯೂ ಮುಟ್ಟಬಾರದು. ಮುಟ್ಟಿದರೆ ಖಾಲಿ ಕಾರಿನಲ್ಲಿ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ, ಒದ್ದೆ ರಸ್ತೆಯಲ್ಲಿ ಕಾರು ತಿರುಗಿ ನಿಂತೀತು.

ತಪಾಸಣೆ

ತೊಳೆಯುವ ಮುಂಚೆ ಒಮ್ಮೆ, ತೊಳೆದ ಮೇಲೆ ಒಮ್ಮೆ ನೋಡಬೇಕು. ತೊಳೆಯುವ ಮುಂಚೆ ಎಣ್ಣೆ ಸೋರಿದ ಜಾಡು ಕಾಣುತ್ತದೆ, ತೊಳೆದ ಮೇಲೆ ಬಿರುಕು ಕಾಣುತ್ತದೆ. ಎರಡನ್ನೂ ಒಂದೇ ಸಲಕ್ಕೆ ನೋಡಲಾಗದು.

ಶಾಕ್ ಅಬ್ಸಾರ್ಬರಿನ ಮೈಮೇಲೆ ತೆಳುವಾಗಿ ಎಣ್ಣೆಯ ಮಬ್ಬಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ, ಸೀಲಿನಿಂದ ಅಷ್ಟು ಜಿನುಗುವುದು ಸಹಜ. ಎಣ್ಣೆ ಹರಿದು ಅದರ ಮೇಲೆ ಮಣ್ಣು ಹೆಪ್ಪುಗಟ್ಟಿದ್ದರೆ ಅದು ಸೋತಿದೆ. ನೆಟ್ಟಗೆ ಹಿಡಿದು ಪೂರ್ತಿ ಎಳೆದು ಪೂರ್ತಿ ಒತ್ತಿದಾಗ ಉದ್ದಕ್ಕೂ ಒಂದೇ ಬಿಗಿ ಇರಬೇಕು. ನಡುವೆ ಎಲ್ಲಾದರೂ ತಟ್ಟನೆ ಜಾರಿದರೆ ಒಳಗೆ ಎಣ್ಣೆ ಕಡಿಮೆಯಾಗಿದೆ ಅಥವಾ ವಾಲ್ವು ಸವೆದಿದೆ. ರಾಡಿನ ಹೊಳಪಿನ ಮೇಲೆ ತುಕ್ಕಿನ ಚುಕ್ಕಿ ಎದ್ದಿದ್ದರೆ, ಇವತ್ತು ಸೋರದಿದ್ದರೂ ಆ ಚುಕ್ಕಿ ಸೀಲನ್ನು ಕೊರೆಯುತ್ತದೆ. ಮಳೆನಾಡಿನಲ್ಲಿ ಶಾಕ್ ಸಾಯುವ ಸಾಮಾನ್ಯ ದಾರಿಯಿದು. ರಾಡನ್ನು ಮುಚ್ಚುವ ಧೂಳುಕವಚ ಹರಿದಿರುವುದನ್ನು ಲೆಕ್ಕಿಸದೆ ಬಿಟ್ಟದ್ದೇ ಅದಕ್ಕೆ ಮೂಲ. ಕೆಲವು ನೂರು ರೂಪಾಯಿಯ ಕವಚಕ್ಕೆ ಹಿಂಜರಿದು ಸಾವಿರಾರು ರೂಪಾಯಿಯ ಶಾಕ್ ಕಳೆದುಕೊಳ್ಳುವುದು ನೋಡಿ ಬೇಸರವಾಗುತ್ತದೆ.

ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಪೂರ್ತಿ ಸತ್ತ ಶಾಕನ್ನು ಅದು ಹಿಡಿಯುತ್ತದೆ, ಅರ್ಧ ಸತ್ತದ್ದನ್ನು ಹಿಡಿಯುವುದಿಲ್ಲ. ಅದನ್ನೇ ನಂಬಿ ಶಾಕ್ ಸರಿಯಿದೆ ಎನ್ನುವುದು ತಪ್ಪು.

ಸುರುಳಿ ಸ್ಪ್ರಿಂಗಿನಲ್ಲಿ ನೋಡಬೇಕಾದದ್ದು ಕೆಳಗಿನ ಮೊದಲ ಸುತ್ತು. ನೀರು, ಮರಳು ನಿಲ್ಲುವುದು ಅಲ್ಲಿ. ಕಲ್ಲುಚೂರು ಬಣ್ಣವನ್ನು ಕೆರೆಯುವುದೂ ಅಲ್ಲಿ. ಬಣ್ಣ ಹೋದ ಜಾಗದಲ್ಲಿ ತುಕ್ಕು ಸಣ್ಣ ಗುಳಿ ತೋಡುತ್ತದೆ, ಗುಳಿಯ ತಳದಿಂದ ಬಿರುಕು ಹೊರಡುತ್ತದೆ, ಕೊನೆಗೆ ಒಂದು ದಿನ ಹಂಪ್ ಹಾರುವಾಗ ತುದಿ ಕಳಚಿ ಬೀಳುತ್ತದೆ. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 12 ಮಿಲಿಮೀಟರಿನ ತಂತಿ ತುಕ್ಕಿನಿಂದ ಸುತ್ತೆಲ್ಲ ಸವೆದು 11 ಮಿಲಿಮೀಟರಿಗೆ ಇಳಿದಿದ್ದರೆ, ಸವೆದದ್ದು ಒಂದೇ ಮಿಲಿಮೀಟರ್, ಕಳೆದುಕೊಂಡ ಬಿಗಿ ಸುಮಾರು ಶೇಕಡಾ 29. ಅದೇ ಹೊರೆಗೆ ತಂತಿಯೊಳಗಿನ ಒತ್ತಡ ಸುಮಾರು ಶೇಕಡಾ 30ರಷ್ಟು ಏರುತ್ತದೆ. ಹಾಗಾಗಿ ಎರಡು ಸ್ಪ್ರಿಂಗನ್ನೂ ಅಕ್ಕಪಕ್ಕ ನೆಲದ ಮೇಲೆ ನಿಲ್ಲಿಸಿ ಎತ್ತರ ಹೋಲಿಸುವುದರ ಜೊತೆಗೆ, ಹೆಪ್ಪು ತುಕ್ಕನ್ನು ಕೆರೆದು ತಂತಿಯ ದಪ್ಪವನ್ನು ಅಳೆಯುವ ಅಭ್ಯಾಸ ಇಲ್ಲಿನ ಮೆಕ್ಯಾನಿಕ್‌ಗಳಿಗೆ ಬರಬೇಕು. ವರ್ನಿಯರ್ ಕ್ಯಾಲಿಪರ್ ದುಬಾರಿ ಸಾಧನವೇನಲ್ಲ.

ಪ್ಲೇಟುಗಳಲ್ಲಿ ಬಿರುಕು ಹುಡುಕಬೇಕಾದ ಜಾಗಗಳು ನಡುಬೋಲ್ಟಿನ ತೂತು ಮತ್ತು ಮೇನ್ ಪ್ಲೇಟಿನ ಕಣ್ಣು. ಕಟ್ಟನ್ನು ಬಿಡಿಸಿ ಒಂದೊಂದನ್ನೂ ಉಜ್ಜಿ ನೋಡದೆ ಹೊರಗಿನಿಂದ ಹೇಳಲಾಗದು, ಏಕೆಂದರೆ ತೂತಿನ ಬಿರುಕನ್ನು ಯು-ಬೋಲ್ಟಿನ ತಟ್ಟೆ ಮುಚ್ಚಿಕೊಂಡಿರುತ್ತದೆ. ಪ್ಲೇಟುಗಳ ನಡುವೆ ತುಕ್ಕು ಬೆಳೆದಿದ್ದರೆ ಅವು ಒಂದರ ಮೇಲೊಂದು ಜಾರದೆ ಒಂದೇ ದಪ್ಪ ತೊಲೆಯಂತೆ ವರ್ತಿಸುತ್ತವೆ. ಓಮ್ನಿಯ ಹಿಂದಿನ ಸೀಟಿನವರ ಬೆನ್ನುನೋವಿಗೆ ಎಷ್ಟೋ ಸಲ ಇದೇ ಕಾರಣ.

ಬುಶ್ಶಿನ ಹೊರಮೈಯ ಕೂದಲೆಳೆ ಬಿರುಕು ವಯಸ್ಸಿನದು. ರಬ್ಬರು ಉಕ್ಕಿನ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಕೊಳವೆ ನಡುಮಧ್ಯ ಬಿಟ್ಟು ಒಂದು ಕಡೆಗೆ ಕುಸಿದಿದ್ದರೆ ಮಾತ್ರ ಅದರ ಕಾಲ ಮುಗಿಯಿತು. ತೋಳಿಗೆ ಸಣ್ಣ ಮೀಟುಗೋಲು ಕೊಟ್ಟು ಆಡಿಸಿದರೆ ಇದು ತಿಳಿಯುತ್ತದೆ. ಹೊಂಡ ಹಾರುವಾಗ ಒಂದು ‘ದಡ್’ ಎಂಬ ಸದ್ದು, ತಿರುವಿನಲ್ಲಿ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸಿದಂತಾಗುವುದು, ಇವು ಚಾಲಕನಿಗೆ ಸಿಗುವ ಮೊದಲ ಸುಳಿವು. ಚಾರ್ಮಾಡಿಯ ತಿರುವುಗಳನ್ನು ಇಳಿಯುವವರಿಗೆ ಈ ಎರಡನೆಯದು ಬೇಗ ಗೊತ್ತಾಗುತ್ತದೆ.

ಬೇರೆ ಭಾಗಗಳ ಬಗ್ಗೆ ಚಿಕ್ಕದಾಗಿ: ತೋಳಿನ ಬೆಸುಗೆ, ಸ್ಪ್ರಿಂಗ್ ಕೂರುವ ಬಟ್ಟಲಿನ ತಳ, ಒಡಲಿನಲ್ಲಿ ಶಾಕಿನ ತಲೆ ಸೇರುವ ತಗಡು, ಇವುಗಳನ್ನು ಮೊಂಡು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ತಗಡು ಕುಸಿದರೆ ಬಿಡಿಭಾಗ ಬದಲಿಸಿ ಪ್ರಯೋಜನವಿಲ್ಲ, ಮೊದಲು ವೆಲ್ಡಿಂಗ್ ಆಗಬೇಕು. ಡ್ರಮ್ ತೆಗೆದಿದ್ದರೆ ವೀಲ್ ಸಿಲಿಂಡರಿನ ಸೋರಿಕೆ, ಬ್ರೇಕ್ ಹೋಸಿನ ಬಿರುಕು, ಹಬ್ ಬೇರಿಂಗಿನ ಸದ್ದು ಎಲ್ಲವನ್ನೂ ಅದೇ ಹೊತ್ತಿಗೆ ನೋಡಿ ಮುಗಿಸುವುದು ಲಾಭ.

ನೆರೆನೀರಿನಲ್ಲಿ ನಿಂತ ಕಾರಿಗೆ ಬೇರೆಯೇ ಲೆಕ್ಕ. ನೇತ್ರಾವತಿ ಏರಿದಾಗ ಬಂಟ್ವಾಳ ಪೇಟೆ, ಪಾಣೆಮಂಗಳೂರಿನ ತಗ್ಗು ಜಾಗಗಳಿಗೆ ನೀರು ಬರುವುದು ಹೊಸದೇನಲ್ಲ, 1923 ಮತ್ತು 1974ರ ನೆರೆಗಳ ಮಾತು ಅಲ್ಲಿ ಇನ್ನೂ ಇದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಊರುಗಳಿಗೆ ಹೊಳೆ ನುಗ್ಗಿತು, ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. ಹಾಗೆ ಮುಳುಗಿದ ಕಾರಿನ ಡ್ರಮ್ಮು, ಹಬ್ಬು, ಟೊಳ್ಳು ತೋಳುಗಳ ಒಳಗೆ ಮೆಕ್ಕಲುಮಣ್ಣು ಕೂತಿರುತ್ತದೆ. ಇಂಜಿನ್ ಚಾಲೂ ಆಯಿತೆಂದು ಸಮಾಧಾನಪಡದೆ ಹಿಂಭಾಗವನ್ನು ಪೂರ್ತಿ ಬಿಚ್ಚಿಸಬೇಕು.

ಮರುಜೋಡಣೆ

ಶಾಕು, ಸ್ಪ್ರಿಂಗುಗಳನ್ನು ಯಾವತ್ತೂ ಜೋಡಿಯಾಗಿಯೇ ಬದಲಿಸಬೇಕು. ಒಂದು ಬದಿ ಹೊಸದು, ಇನ್ನೊಂದು ಹಳೆಯದು ಆದರೆ ಬ್ರೇಕ್ ಹಾಕಿದಾಗ ಎರಡು ಚಕ್ರಗಳ ಹಿಡಿತ ಬೇರೆಬೇರೆಯಾಗುತ್ತದೆ. ಅಂಗಡಿಯಲ್ಲಿ ಮಲಗಿದ್ದ ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ ಒಳಗಿನ ಗಾಳಿ ಹೊರಡಿಸಿ ಕೂರಿಸಬೇಕು. ಸ್ಪ್ರಿಂಗಿನ ಕೊನೆ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಲಾಕ್ ನಟ್ಟು, ಯು-ಬೋಲ್ಟುಗಳು ಹೊಸವೇ ಆಗಿರಲಿ. ಒಮ್ಮೆ ಎಳೆತಕ್ಕೆ ಸಿಕ್ಕ ಯು-ಬೋಲ್ಟಿನ ಎಳೆಗಳು ಅದೇ ಹಿಡಿತವನ್ನು ಮತ್ತೆ ಕೊಡುವುದಿಲ್ಲ. ನಾಲ್ಕು ನಟ್ಟುಗಳನ್ನು ಮೂಲೆಗೆ ಮೂಲೆ ಎಂಬಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಈ ಕೆಲಸದಲ್ಲೆಲ್ಲ ಅತಿ ಮುಖ್ಯವಾದ, ಆದರೆ ಅತಿ ಹೆಚ್ಚು ಕಡೆಗಣಿಸಲಾಗುವ ನಿಯಮ ಒಂದಿದೆ. ಬುಶ್ ಇರುವ ಬೋಲ್ಟುಗಳನ್ನು ಆಕ್ಸಲ್ ಜೋತುಬಿದ್ದಿರುವಾಗ ಬಿಗಿಯಬಾರದು. ಆಗ ಕೈಬಿಗಿ ಮಾತ್ರ ಸಾಕು. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರಗಳ ಮೇಲೆ ಬಿದ್ದು ಮುಂಚೆ ಅಳೆದ ಎತ್ತರಕ್ಕೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಕಾರಣ ಸರಳ: ರಬ್ಬರ್ ಬುಶ್ಶು ಬೇರಿಂಗಿನಂತೆ ಸುತ್ತುವುದಿಲ್ಲ, ತಿರುಚಿಕೊಂಡು ಮರಳುತ್ತದೆ. ಬೋಲ್ಟು ಬಿಗಿದ ಸ್ಥಿತಿಯೇ ಅದರ ವಿರಾಮದ ಸ್ಥಿತಿ. ಜೋತುಬಿದ್ದಾಗ ಬಿಗಿದರೆ, ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುವಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಹೊಂಡಕ್ಕೆ ಬಿದ್ದಾಗ ಇನ್ನಷ್ಟು ತಿರುಚಿ ಹರಿಯುತ್ತದೆ. ಹೊಸ ಬುಶ್ ಹಾಕಿಸಿ ಒಂದು ಮಳೆಗಾಲವೂ ಬಾಳಲಿಲ್ಲ ಎಂಬ ದೂರಿನಲ್ಲಿ ಬಿಡಿಭಾಗವನ್ನು ಬೈಯುವ ಮೊದಲು ಅದನ್ನು ಹೇಗೆ ಬಿಗಿದರು ಎಂದು ಕೇಳಬೇಕು. ಲಿಫ್ಟ್ ಇರುವಲ್ಲಿ ಕಾರು ಮೇಲಿರುವಾಗಲೇ ಎಲ್ಲವನ್ನೂ ಮುಗಿಸುವ ಆತುರ ಹೆಚ್ಚು. ಅಲ್ಲಿಯೂ ಆಕ್ಸಲ್ಲಿಗೆ ಜಾಕ್ ಕೊಟ್ಟು ಸರಿಯಾದ ಎತ್ತರಕ್ಕೆ ತಂದು ಬಿಗಿಯಲು ಸಾಧ್ಯ. ಎಷ್ಟು ಬಿಗಿಯಬೇಕೆಂಬುದಕ್ಕೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ, ಅದಕ್ಕೆ ಟಾರ್ಕ್ ರೆಂಚ್ ಬೇಕು.

ಬ್ರೇಕ್ ಪೈಪು ಬಿಚ್ಚಿದ್ದರೆ ಗಾಳಿ ತೆಗೆಯಬೇಕು, ಹ್ಯಾಂಡ್ ಬ್ರೇಕ್ ಹೊಂದಿಸಬೇಕು. ಹೆಚ್ಚಿನ ಟಾರ್ಶನ್ ಬೀಮಿನ ಕಾರುಗಳಲ್ಲಿ ಹಿಂದಿನ ಚಕ್ರಗಳ ಕೋನ ಹೊಂದಿಸಲು ಏರ್ಪಾಡು ಇರುವುದಿಲ್ಲ. ಆದರೂ ಅಲೈನ್‌ಮೆಂಟ್ ಯಂತ್ರದಲ್ಲಿ ಒಮ್ಮೆ ಅಳೆಸುವುದು ಒಳ್ಳೆಯದು, ಬಾಗಿದ ತೊಲೆ ಅಲ್ಲಿ ಸಿಕ್ಕಿಬೀಳುತ್ತದೆ. ಹೊಸ ಯು-ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಪರಿಶೀಲಿಸಬೇಕು.

ರೂಢಿಗಳು

ಬಾಗಿದ ಪ್ಲೇಟುಗಳನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಮತ್ತೆ ಬಿಲ್ಲಾಗಿಸುವ ಪ್ಲೇಟ್ ಸೆಟ್ಟಿಂಗ್ ಕೈಕಸುಬು ಘನವಾಹನಗಳ ದಾರಿಯುದ್ದಕ್ಕೂ ಉಳಿದುಬಂದಿದೆ. ಸಮನಾಗಿ ಬಡಿಯುವ ಕೈ ನಿಜವಾದ ವಿದ್ಯೆ. ಆದರೆ ದಣಿದ ಉಕ್ಕಿಗೆ ಅದು ಹೊಸ ಆಯುಸ್ಸು ಕೊಡಲಾರದು. ಅಡಿಕೆ ಹೊರುವ ಓಮ್ನಿಗೆ ಒಂದು ಪ್ಲೇಟು ಹೆಚ್ಚು ಹಾಕಿಸುವುದೂ ಇದೆ. ಹಾಗೆ ಮಾಡಿದರೆ ಶಾಕ್ ಆ ಬಿಗಿಗೆ ಸಾಲದೆ ಖಾಲಿ ಗಾಡಿ ಕುಪ್ಪಳಿಸುತ್ತದೆ. ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಇನ್ನೂ ಕೆಟ್ಟದ್ದು. ಅದು ಒಂದೆರಡು ಸುತ್ತುಗಳನ್ನು ಅಲುಗದಂತೆ ಕಟ್ಟಿಹಾಕಿ ಅವುಗಳ ಪಾಲಿನ ಕೆಲಸವನ್ನು ಉಳಿದ ಸುತ್ತುಗಳ ಮೇಲೆ ಹೊರಿಸುತ್ತದೆ, ಜೊತೆಗೆ ತೇವವನ್ನೂ ಕೆಸರನ್ನೂ ಹಿಡಿದಿಡುತ್ತದೆ. ಡಿಕ್ಕಿ ಕುಸಿದಿದ್ದರೆ ಹೊಸ ಸ್ಪ್ರಿಂಗ್ ಜೋಡಿಯೇ ಪರಿಹಾರ.

ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಸ್ವಉದ್ಯೋಗ ತರಬೇತಿಗಳ ಮೂಲಕ, ಅದಕ್ಕಿಂತ ಹೆಚ್ಚಾಗಿ ಗ್ಯಾರೇಜಿನಲ್ಲಿ ಹಿರಿಯರ ಕೈಕೆಳಗೆ ದುಡಿದು, ಈ ಭಾಗದ ಹುಡುಗರು ದುರಸ್ತಿ ಕಲಿಯುತ್ತಾರೆ. ಬಿಚ್ಚುವುದು ಬೇಗ ಕೈಗೆ ಬರುತ್ತದೆ. ಬಿಚ್ಚಿದ್ದನ್ನು ಓದಲು ಕಲಿಸುವ ಗುರು ಸಿಕ್ಕವರು ಭಾಗ್ಯವಂತರು.

ತಪಾಸಣೆಗೆ ತಕ್ಕ ಕಾಲ ಎರಡು. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಕವಚ, ಬುಶ್, ಬಣ್ಣ ನೋಡಿ ಬರಿಯ ಉಕ್ಕಿಗೆ ತುಕ್ಕುನಿರೋಧಕ ಬಳಿಯಲು ಒಂದು. ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ, ಕೆಸರು ತೊಳೆದು ಪೂರ್ತಿ ತಪಾಸಣೆಗೆ ಇನ್ನೊಂದು.

ತೆಗೆದುಹಾಕಿದ ಹಳೆಯ ಶಾಕುಗಳನ್ನು ಗುಜರಿಗೆ ಕೊಡುವಾಗಲೂ ಎಚ್ಚರ ಬೇಕು. ಗ್ಯಾಸ್ ತುಂಬಿದವುಗಳಲ್ಲಿ ಒತ್ತಡದ ಸಾರಜನಕ ಇರುವುದರಿಂದ ಅವನ್ನು ಕತ್ತರಿಸುವುದು, ಬೆಂಕಿಗೆ ಹಿಡಿಯುವುದು ಅಪಾಯ. ಸೋರುವ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು ಬಳಸಿದ ಎಣ್ಣೆ ಕೊಳ್ಳುವವರಿಗೇ ಕೊಡಬೇಕು. ಬೆಳ್ತಂಗಡಿ, ಬಂಟ್ವಾಳದ ಚರಂಡಿ ನೀರು ಕೊನೆಗೆ ಸೇರುವುದು ನೇತ್ರಾವತಿಯನ್ನು. ಮಂಗಳೂರಿನ ಕುಡಿಯುವ ನೀರಿನ ತುಂಬೆ ಕಿಂಡಿ ಅಣೆಕಟ್ಟು ಇರುವುದೂ ಬಂಟ್ವಾಳ ಪೇಟೆಯ ಕೆಳಗೆ, ಅದೇ ಹೊಳೆಯಲ್ಲಿ.